ಟೇಶನ್ನಿನಿಂದ ಅಗಸಿಯ ತನಕ

ನಿಜಾಮರ ಕಾಲದ ರೈಲಿನ ಚರಿತ್ರೆ ಓದಿದಾಗಲೆಲ್ಲ ನನಗೊಂದು ಕೊರಗು ಉಳಿಯುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು, ದಿವಾನ ಸಾಲಾರ್ ಜಂಗರು ಅದಕ್ಕೆ ಮುತುವರ್ಜಿ ವಹಿಸಿದ್ದು, 1930ರಲ್ಲಿ ನಿಜಾಮ್ ಸರಕಾರ ಆ ರೈಲ್ವೆಯನ್ನು ಕಂಪನಿಯ ಕೈಯಿಂದ ತನ್ನ ವಶಕ್ಕೆ ತೆಗೆದುಕೊಂಡದ್ದು ಎಲ್ಲವೂ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಆ ಚರಿತ್ರೆ ಪ್ಲಾಟ್‌ಫಾರ್ಮಿನ ಕೊನೆಗೆ ಬಂದು ನಿಂತುಬಿಡುತ್ತದೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತು ರೈಲಿಳಿದ ಹೆಣ್ಣುಮಗಳು ಮನೆ ಮುಟ್ಟಿದ್ದು ಹೇಗೆ? ಟೇಶನ್ನಿನಿಂದ ಊರ ಅಗಸಿಯ ತನಕದ ಆ ಎರಡು ಮೂರು ಮೈಲಿ ದಾಟಿಸಿದವರು ಜಟಕಾದವರು. ಅವರ ಕುದುರೆ ಹೋಯಿತು, ಗಾಡಿ ಹೋಯಿತು. ಅವರ ಒಂದು ಮಾತು ಮಾತ್ರ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಲ್ಲಿ ಇವತ್ತಿಗೂ ದಿನ ಬೆಳಗಾದರೆ ಕಿವಿಗೆ ಬೀಳುತ್ತದೆ: ಝಟಕಾ.

ನಾನು ತೆಲಂಗಾಣ-ಕರ್ನಾಟಕದ ಈ ಗಡಿಯಲ್ಲಿ ಹುಟ್ಟಿ, ಗಡಿಯ ಶಾಲೆಯಲ್ಲೇ ಕನ್ನಡ ಕಲಿಸಿದವನು. ನಮ್ಮ ಊರು ಜಹೀರಾಬಾದಿನ ಮಗ್ಗುಲಿಗಿದೆ. ಅವ್ವನ ತವರು ತಾಂಡೂರಿನ ಹತ್ತಿರ. ಅಕ್ಕನನ್ನು ಕೊಟ್ಟದ್ದು ನಾರಾಯಣಖೇಡದ ಕಡೆಗೆ. ಹೀಗಾಗಿ ಈ ಮೂರೂ ಊರುಗಳ ಹಾದಿ ನನ್ನ ಮೈಗೆ ಗೊತ್ತು. ತಾಂಡೂರಿಗೆ ಹೋಗಬೇಕಾದರೆ ಜಹೀರಾಬಾದಿನಲ್ಲಿ ರೈಲು ಹತ್ತಿ, ಕೊಹೀರು ದಾಟಿ, ವಿಕಾರಾಬಾದಿನಲ್ಲಿ ಇಳಿದು, ವಾಡಿ ಕಡೆಯ ರೈಲು ಹಿಡಿಯಬೇಕು. ನಾರಾಯಣಖೇಡಕ್ಕೆ ರೈಲೇ ಇಲ್ಲ. ಅಲ್ಲಿಗೆ ಬಸ್ಸು, ಬಸ್ಸಿಳಿದ ಮೇಲೆ ಬಂಡಿ. ಎಲ್ಲ ಹಾದಿಯ ಕೊನೆಗೂ ಯಾವುದೋ ಒಂದು ಪ್ರಾಣಿ ಎಳೆಯುವ ಗಾಡಿ ನಮ್ಮನ್ನು ಕಾಯುತ್ತ ನಿಂತಿರುತ್ತಿತ್ತು.

ಹಾದಿಯ ಅಲುಗಾಟಕ್ಕೆ ನಮ್ಮ ಮಂದಿಯ ಬಾಯಲ್ಲಿ ಒಂದೇ ಮಾತಿಲ್ಲ. ಎತ್ತಿನ ಬಂಡಿ ಎರಿಹೊಲದ ಹಾದಿಯಲ್ಲಿ ಒಂದೇ ಸಮ ಅಲುಗುತ್ತ ಹೋದರೆ ಅದು ಕುಲುಕಾಟ. ಕಣಕಿ ಹೇರಿದ ಬಂಡಿ ಒಂದು ಮಗ್ಗುಲಿಗೆ ವಾಲಿ, ಬಿದ್ದೇ ಬೀಳುತ್ತದೆ ಅನ್ನುವಾಗ ತಿರುಗಿ ನೆಟ್ಟಗಾದರೆ ಜೋಲಿ ಹೊಡೆಯಿತು. ಹಿಂದಿನಿಂದ ಬಂದು ತಾಗಿದರೆ ಧಕ್ಕಾ. ಇವು ಯಾವುದೂ ಝಟಕಾ ಅಲ್ಲ. ಝಟಕಾ ಬರುವ ಮೊದಲು ಸುಳಿವು ಕೊಡುವುದಿಲ್ಲ, ಬಂದ ಮೇಲೆ ನಿಲ್ಲುವುದೂ ಇಲ್ಲ. ಕುಂತವನನ್ನು ಕುಂತಲ್ಲೇ ಎತ್ತಿ ಒಗೆದು ಹೋಗಿರುತ್ತದೆ. ಇದೇ ಹಾದಿಯಲ್ಲಿ ತೆಲುಗಿನವರು ಕುದುಪು ಅನ್ನುತ್ತಾರೆ, ಮರಾಠಿಯವರು ಹಿಸಕಾ ಅನ್ನುತ್ತಾರೆ. ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು, ಹೀಗೆ ನಾಲ್ಕೂ ಭಾಷೆಯವರು ಒಂದೇ ಗಾಡಿಯಲ್ಲಿ ಕೂತಾಗ ಎಲ್ಲರಿಗೂ ತಿಳಿಯುತ್ತಿದ್ದದ್ದು ಝಟಕಾ.

ಆ ಮಾತು ಎಲ್ಲರದೂ ಆದದ್ದು ಹೇಗೆ ಅನ್ನುವುದಕ್ಕೆ ಹಿನ್ನೆಲೆ ಇದೆ. 1347ರಲ್ಲಿ ಗುಲಬರ್ಗಾದಲ್ಲಿ ಬಹಮನಿ ರಾಜ್ಯ ಎದ್ದಿತು. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಿಗೆ ಬಂತು. ಉತ್ತರದಿಂದ ಬಂದ ಸಿಪಾಯಿ, ವ್ಯಾಪಾರಿ, ಸೂಫಿಗಳ ನುಡಿಗೆ ಇಲ್ಲಿನ ಕನ್ನಡ, ಮರಾಠಿ, ತೆಲುಗು ಸೇರಿ ದಖನಿ ಬೆಳೆಯಿತು. ಬೀದರ ಕೋಟೆಯಿಂದ ಜಹೀರಾಬಾದು ಬಂಡಿಯಲ್ಲಿ ಒಂದು ದಿನದ ಹಾದಿ. ಅಂದರೆ ದಖನಿ ನಮಗೆ ಹೊರಗಿನಿಂದ ಬಂದ ಅತಿಥಿಯಲ್ಲ, ನಮ್ಮ ನೆರೆಮನೆಯಲ್ಲೇ ಬೆಳೆದ ನುಡಿ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅನ್ನುವ ಇಬ್ಬರು ಬ್ರಿಟಿಷರು ಹಿಂದುಸ್ತಾನದಲ್ಲಿ ಬಳಕೆಯಲ್ಲಿದ್ದ ಮಾತುಗಳ ದೊಡ್ಡ ಕೋಶ ತಂದರು. ಹಾಬ್ಸನ್-ಜಾಬ್ಸನ್ ಎಂದು ಅದರ ಹೆಸರು. ಮದ್ರಾಸು ಸೀಮೆಯ ಬಾಡಿಗೆ ಕುದುರೆ ಗಾಡಿಗೆ ಜಟಕಾ ಅನ್ನುತ್ತಾರೆ, ಈ ಮಾತು ದಖನಿಯದು, ಚುರುಕು ಅನ್ನುವ ಅರ್ಥದ್ದು ಎಂದು ಅವರು ಅದರಲ್ಲಿ ದಾಖಲಿಸಿದ್ದಾರೆ. ಸಂಸ್ಕೃತದ ಝಟಿತಿಗೂ ತಟ್ಟನೆ ಎಂದೇ ಅರ್ಥ. ಕನ್ನಡದ ಝಟ್ಟನೆಯೂ ಅದೇ ಸದ್ದಿನದು.

ಹೀಗೆ ದಖನಿಯ ಮಾತೊಂದು ಕುದುರೆ ಗಾಡಿಯ ಹೆಸರಾಗಿ ಮದ್ರಾಸು, ಮೈಸೂರು ಮುಟ್ಟಿತು. ತಮಿಳರಿಗೆ ಅದು ಜಟ್ಕಾ ವಂಡಿ, ತೆಲುಗರಿಗೆ ಜಟ್ಕಾ ಬಂಡಿ. 1943ರಲ್ಲಿ ಬಂದ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದಲ್ಲಿ ಬದುಕನ್ನೇ ಜಟಕಾ ಬಂಡಿಯಾಗಿ ಕಂಡ ಪದ್ಯ ಕನ್ನಡಿಗರ ನಾಲಗೆಯ ಮೇಲಿದೆ. ಅಲ್ಲಿ ಝ ಹೋಗಿ ಜ ಆಗಿದೆ. ನಮ್ಮ ಕಡೆ ಎರಡೂ ಉಳಿದುಕೊಂಡವು. ಗಾಡಿಗೆ ಜಟಕಾ, ಅದು ಕೊಡುವ ಏಟಿಗೆ ಝಟಕಾ. ಟಾಂಗಾ ಅನ್ನುವುದೂ ಇತ್ತು. ಬೆನ್ನಿಗೆ ಬೆನ್ನು ಹಚ್ಚಿ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂಡುವುದು ಟಾಂಗಾ. ಕಮಾನಿನ ಮಾಡಿನ ಕೆಳಗೆ, ಹುಲ್ಲಿನ ಮೇಲೆ ಹಾಸಿದ ಚಾಪೆಯಲ್ಲಿ ಕಾಲು ಮಡಚಿ ಕೂಡುವುದು ಜಟಕಾ. ಆ ಹುಲ್ಲು ಬರೀ ಮೆತ್ತೆಯಾಗಿರಲಿಲ್ಲ. ಸವಾರಿ ಇಳಿದ ಮೇಲೆ ಅದೇ ಹುಲ್ಲು ಕುದುರೆಯ ಮುಂದೆ ಬೀಳುತ್ತಿತ್ತು.

ಜಟಕಾ ಹೊಡೆಯುವುದೆಂದರೆ ಭಾರ ತೂಗುವ ವಿದ್ಯೆ. ಗಾಡಿಗೆ ಇರುವುದು ಎರಡೇ ಗಾಲಿ. ಗಾಲಿಯ ಅಚ್ಚಿನ ಮುಂದೆ ಭಾರ ಹೆಚ್ಚಾದರೆ ಮೂಕಿಗಳು ಕುದುರೆಯ ಬೆನ್ನನ್ನು ಒತ್ತುತ್ತವೆ. ಅದು ಮುಂಭಾರ. ಬೆನ್ನು ಹುಣ್ಣಾಗುತ್ತದೆ, ಇಳಿಜಾರಿನಲ್ಲಿ ಕುದುರೆ ಮೊಣಕಾಲೂರುತ್ತದೆ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿಗಳು ಮೇಲೆದ್ದು ಕುದುರೆಯ ಹೊಟ್ಟೆಯ ಪಟ್ಟಿಯನ್ನು ಜಗ್ಗುತ್ತವೆ. ಅದು ಹಿಂಭಾರ. ಕಾಲಿಗೆ ನೆಲದ ಹಿಡಿತ ತಪ್ಪುತ್ತದೆ, ಏರಿನಲ್ಲಿ ಗಾಡಿ ಹಿಂದಕ್ಕೆ ಸರಿಯುತ್ತದೆ. ಭಾರ ಅಚ್ಚಿನ ಮೇಲೇ ನಿಂತು, ಒಂದಿಷ್ಟೇ ಮುಂದಕ್ಕೆ ಬಾಗಿದ್ದರೆ ಕುದುರೆಗೂ ಸುಖ, ಸವಾರಿಗೂ ಸುಖ. ತಾಂಡೂರು ಟೇಶನ್ನಿನ ಹೊರಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಚಾಚಾ ತಕ್ಕಡಿಯಿಲ್ಲದೆ ಇದನ್ನು ತೂಗುತ್ತಿದ್ದರು. ಎಲ್ಲರನ್ನೂ ಹತ್ತಿಸಿ, ಮೂಕಿಗೆ ಅಂಗೈ ಕೊಟ್ಟು ಒಂದು ಸಲ ಎತ್ತಿ ನೋಡುವರು. ಆಮೇಲೆ ಒಳಗೆ ಬಗ್ಗಿ, "ಅವ್ವಾರ, ಜರಾ ಮುಂದ ಸರೀರಿ, ಹಿಂಭಾರ ಆಗ್ಯಾದ" ಅನ್ನುವರು. ಅವ್ವ ಸರಿದು ಕೂತ ಮೇಲೆ ನನ್ನನ್ನು ಎತ್ತಿ ತಮ್ಮ ಮಗ್ಗುಲಿಗೆ ಕೂಡಿಸಿಕೊಳ್ಳುವರು. ನನ್ನ ತೂಕ ಅವರಿಗೆ ಪಡಿಕಲ್ಲು.

ಗಾಡಿ ಹೊರಡುವ ಗಳಿಗೆಯಲ್ಲೇ ಕೈಚಳಕ ಗೊತ್ತಾಗುತ್ತಿತ್ತು. ಕಲಿಯದವನು ಚಾಬೂಕು ಝಾಡಿಸಿ ಕುದುರೆಯನ್ನು ಹಾರಿಸುತ್ತಾನೆ. ಕುದುರೆ ಮುಂದೆ ಹೋಗುತ್ತದೆ, ಗಾಡಿ ಒಂದು ಕ್ಷಣ ಹಿಂದೆ ಉಳಿಯುತ್ತದೆ, ಪಟ್ಟಿ ಬಿಗಿದ ಕೂಡಲೇ ಒಳಗಿದ್ದವರ ತಲೆ ಮಾಡಿಗೆ ಬಡಿಯುತ್ತದೆ. ಚಾಚಾ ಚಾಬೂಕು ಮುಟ್ಟುತ್ತಿರಲಿಲ್ಲ. ಲಗಾಮು ಸ್ವಲ್ಪ ಸಡಿಲಿಸಿ ಬಾಯಲ್ಲೇ ಸದ್ದು ಮಾಡುವರು. ಕುದುರೆ ಮೊದಲು ಕೊರಳನ್ನು ಪಟ್ಟಿಗೆ ಒರಗಿಸಿ, ಪಟ್ಟಿ ಬಿಗಿದ ಮೇಲೆ ಹೆಜ್ಜೆ ಎತ್ತುವುದು. ಕುಕ್ಕುಲೋಟ ಹಿಡಿದ ಮೇಲೆ ಕುದುರೆಯ ಮೈಯ ಕುಣಿತ ಮೂಕಿಯ ಮೂಲಕ ಗಾಡಿಗೂ ಇಳಿಯುತ್ತದೆ. ಎತ್ತಿನ ಬಂಡಿಗಿಲ್ಲದ ಕಮಾನು ಪಟ್ಟಿ ಜಟಕಾಕ್ಕೆ ಇದ್ದರೂ ಈ ಹಿಂದುಮುಂದಿನ ಜಗ್ಗಾಟವನ್ನು ಅದು ತಡೆಯಲಾರದು. ಅದಕ್ಕೇ ಆ ಗಾಡಿಗೆ ಆ ಹೆಸರು ಸಲ್ಲುತ್ತದೆ ಎಂದು ನನ್ನ ಮೈ ಹೇಳುತ್ತದೆ.

ತಾಂಡೂರಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕಾಗುತ್ತಿತ್ತು. ಅದು ಕಲ್ಲಿನ ಊರು. ಶಹಾಬಾದಿನ ಕಲ್ಲಿನ ಜಾತಿಯ ನೀಲಿ, ಹಳದಿ ಸುಣ್ಣಕಲ್ಲು ಅಲ್ಲಿ ಪದರ ಪದರವಾಗಿ ಎದ್ದು ಬರುತ್ತದೆ. ಮನೆಯ ನೆಲಕ್ಕೂ ಅದೇ ಫರಸಿ, ಅಂಗಡಿಯ ಕಟ್ಟೆಗೂ ಅದೇ, ಓಣಿಗೂ ಅದೇ. ನಾಲು ಬಡಿದ ಗೊರಸು ಒದ್ದೆ ಫರಸಿಯ ಮೇಲೆ ಜಾರಿದರೆ ಗಾಡಿ ಸಮೇತ ಉರುಳುವುದೇ. ಮಳೆಗಾಲದಲ್ಲಿ ಜಟಕಾದವರು ಕುದುರೆಯ ಮುಂದೆ ಇಳಿದು ನಡೆಯುತ್ತಿದ್ದರು. ನಾಲಬಂದನ ಹತ್ತಿರ ತಿಂಗಳಿಗೋ ಒಂದೂವರೆ ತಿಂಗಳಿಗೋ ಹೋಗಲೇಬೇಕು. ಗೊರಸು ಬೆಳೆಯುತ್ತದೆ, ನಾಲು ಸವೆಯುತ್ತದೆ. ಹಳೆಯ ನಾಲು ಕಿತ್ತು, ಗೊರಸಿನ ಅಂಚು ಹೆರೆದು, ನೋವಾಗದ ಹೊರಗೋಡೆಗೆ ಮಾತ್ರ ಮೊಳೆ ಇಳಿಸಬೇಕು. ಒಂದು ಮೊಳೆ ಒಳಗೆ ಸರಿದರೂ ಕುದುರೆ ಕುಂಟುತ್ತದೆ, ಜಟಕಾದವನ ಮನೆಯ ಒಲೆ ಆರುತ್ತದೆ. ನಮ್ಮ ಸೀಮೆಯಲ್ಲಿ ನಾಲಬಂದ ಅನ್ನುವುದು ಮನೆತನದ ಹೆಸರಾಗಿ ಉಳಿದಿದೆ. ಅಷ್ಟು ಕುದುರೆಗಳು ಇಲ್ಲಿ ಓಡಿದ್ದವು.

ಜಹೀರಾಬಾದಿನ ಜಟಕಾಗಳಿಗೆ ಸುಗ್ಗಿಯೆಂದರೆ ಶಿವರಾತ್ರಿ. ಹತ್ತಿರದ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರ ಕಡೆಯಿಂದಲೂ ಮಂದಿ ಬರುತ್ತಾರೆ. ಬೇರೆ ಕಡೆ ಸಾಮಾನ್ಯವಾಗಿ ಶಿವನಿಗೆ ಸಲ್ಲದ ಕೇದಿಗೆ ಇಲ್ಲಿ ಅವನ ಪೂಜೆಗೆ ಸಲ್ಲುತ್ತದೆ. ನಮ್ಮ ಆಯಿ ಆ ಜಾತ್ರೆಗೆ ಹೋಗುವಾಗ ಜಟಕಾದ ಹಿಂಬಾಗಿಲಿಗೆ ಪಂಚೆ ಕಟ್ಟಿಸುತ್ತಿದ್ದಳು. ಕುದುರೆ ಹೊಡೆಯುವವನು ಮುಸಲ್ಮಾನ, ಒಳಗೆ ಕೂತವಳು ಲಿಂಗಾಯತರ ಮುದುಕಿ, ಮಗ್ಗುಲಲ್ಲಿ ತೆಲುಗು ಮಾತಾಡುವ ಬಾಣಂತಿ. "ಗಟ್ಟಿ ಹಿಡೀರಿ ಆಯಿ, ಝಟಕಾ ಹೊಡೀತದ" ಅಂದರೆ ಮೂವರೂ ಒಟ್ಟಿಗೆ ಹಲಗೆ ಹಿಡಿಯುತ್ತಿದ್ದರು.

ಇಂಥ ನಾಡಿಗೆ 1956 ಬಂತು. ಅಲ್ಲಿಯವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿಯವರ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಮರುವರ್ಷ ಬಂದ ರಾಜ್ಯ ಪುನರ್ವಿಂಗಡಣಾ ಕಾಯ್ದೆ ನಿರ್ಣಾ ಹೋಬಳಿಯೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕನ್ನು, ಬೀದರ ತಾಲೂಕಿನ ನ್ಯಾಲಕಲ್ ಹೋಬಳಿಯನ್ನು, ಇಡೀ ನಾರಾಯಣಖೇಡವನ್ನು, ಗುಲಬರ್ಗಾದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ನವೆಂಬರ್ 1ರಿಂದ ಬೀದರ, ಗುಲಬರ್ಗಾ ಮೈಸೂರು ರಾಜ್ಯದವು, ನಾವು ಆಂಧ್ರಪ್ರದೇಶದವರು. ಗೆರೆ ತಾಲೂಕಿನ ಒಳಗೇ ಹಾದು ಹೋಯಿತು. ಮುಂದೆ 2014ರ ಜೂನ್ 2ರಂದು ತೆಲಂಗಾಣವಾಯಿತು. 2016ರ ಅಕ್ಟೋಬರಿನಲ್ಲಿ ಜಹೀರಾಬಾದು, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ ಜಿಲ್ಲೆಗೆ ಸೇರಿದವು. ನಮ್ಮ ಮುತ್ಯಾ ಕೂತ ಮನೆ ಬಿಟ್ಟು ಎದ್ದವನಲ್ಲ. ಆ ಮನೆಯ ವಿಳಾಸ ಮಾತ್ರ ಮೂರು ಸಲ ಬದಲಾಯಿತು. ತಾಂಡೂರಿನಲ್ಲಿ ಕಾಗ್ನಾ ಎನಿಸಿಕೊಳ್ಳುವ ಹೊಳೆ ಗೆರೆ ದಾಟಿ ಕಾಗಿಣಾ ಆಗಿ ರಾಷ್ಟ್ರಕೂಟರ ಮಳಖೇಡವನ್ನು ಮುಟ್ಟುತ್ತದೆ. ಹೊಳೆಗೆ ಇಲ್ಲದ ತಡೆ ಕನ್ನಡ ಓದಬೇಕೆನ್ನುವ ಮಕ್ಕಳಿಗೆ ಬಂತು. ಅವರು ಪುಸ್ತಕಕ್ಕೆ, ಮೇಷ್ಟ್ರಿಗೆ, ನೌಕರಿಗೆ ಎರಡೂ ಕಡೆ ಕೈಚಾಚಬೇಕಾಯಿತು.

ಜಟಕಾದವರ ಬದುಕಿಗೆ ಪೆಟ್ಟು ಬಿದ್ದದ್ದು ಗೆರೆಯಿಂದಲ್ಲ, ಡಾಂಬರಿನಿಂದ. 1932ರ ಜೂನಿನಲ್ಲೇ ನಿಜಾಮ್ ರೈಲ್ವೆ 27 ಬಸ್ಸು, 166 ನೌಕರರನ್ನು ಇಟ್ಟುಕೊಂಡು ರಸ್ತೆ ಸಾರಿಗೆ ಇಲಾಖೆ ತೆರೆದಿತ್ತು. ಆ ಬಸ್ಸು ಊರಿಂದ ಊರಿಗೆ ಹೋಗುತ್ತಿತ್ತು, ಓಣಿಯೊಳಗೆ ಬರುತ್ತಿರಲಿಲ್ಲ. ಆದ್ದರಿಂದ ಬಸ್ಸು ಬಂದಲ್ಲೆಲ್ಲ ಜಟಕಾಕ್ಕೆ ಹೊಸ ಅಡ್ಡಾ ಹುಟ್ಟಿತು. ಕೊನೆಗೆ ಅದನ್ನು ನೂಕಿದ್ದು ಸೈಕಲ್ ರಿಕ್ಷಾ, ಅದರ ಹಿಂದೆ ಆಟೋ. ಹುರುಳಿ, ಹುಲ್ಲಿನ ಬೆಲೆ ಏರಿತು. ನಿಂತಲ್ಲೇ ನಿಂತರೂ ಕುದುರೆ ತಿನ್ನಬೇಕು, ಆಟೋ ತಿನ್ನುವುದಿಲ್ಲ. ಈಗ ಜಹೀರಾಬಾದಿನ ಮಹೀಂದ್ರಾ ಕಾರ್ಖಾನೆಯಲ್ಲಿ ಟ್ರ್ಯಾಕ್ಟರುಗಳು, ಮೂರು ಗಾಲಿಯ ಗಾಡಿಗಳು ತಯಾರಾಗುತ್ತವೆ. ಟೇಶನ್ನಿನಿಂದ ಮನೆಗೆ ಮುಟ್ಟಿಸುವ ಕೆಲಸ ಆ ಊರನ್ನು ಬಿಟ್ಟು ಹೋಗಿಲ್ಲ, ಕುದುರೆ ಹೋಗಿದೆ ಅಷ್ಟೆ.

ಮಾತು ಹೋಗಲಿಲ್ಲ ಎಂದೆನಲ್ಲ, ಅದು ಎಲ್ಲೆಲ್ಲಿ ಹೊಕ್ಕಿದೆ ನೋಡಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದರೆ ಕರೆಂಟು ಝಟಕಾ ಹೊಡೆಯುತ್ತದೆ. ಸಂಕ್ರಾಂತಿಯಲ್ಲಿ ಪೇಚು ಬಿದ್ದ ಗಾಳಿಪಟದ ದಾರಕ್ಕೆ ಹುಡುಗರು ಝಟಕಾ ಕೊಡುತ್ತಾರೆ. ತೊಗರಿಯ ದರ ಒಂದೇ ವಾರದಲ್ಲಿ ಇಳಿದರೆ ತಾಂಡೂರಿನ ರೈತ ಝಟಕಾ ಕುಂತಿತು ಅನ್ನುತ್ತಾನೆ. ಮಾಂಸದಂಗಡಿಯಲ್ಲಿ ಒಂದೇ ಏಟಿಗೆ ಕಡಿದದ್ದಕ್ಕೂ ಝಟಕಾ ಎಂದೇ ಹೆಸರು. ಮೂರ್ಛೆ ರೋಗದವರಿಗೆ ಕೈಕಾಲು ಸೆಟೆದರೆ ಝಟಕಾ ಬಂದಾವ ಅನ್ನುತ್ತಾರೆ.

ಹೊಲದಲ್ಲಿ ಈಗ ಝಟಕಾ ಮಷಿನ್ ಬಂದಿದೆ. ಕಬ್ಬಿಗೆ, ತೊಗರಿಗೆ ನುಗ್ಗುವ ಹಂದಿಗಳನ್ನು ತಡೆಯಲು ಸುತ್ತ ತಂತಿ ಎಳೆದು, ಸೋಲಾರ್ ಪ್ಲೇಟು ಮತ್ತು 12 ವೋಲ್ಟಿನ ಬ್ಯಾಟರಿಗೆ ಆ ಮಷಿನ್ ಜೋಡಿಸುತ್ತಾರೆ. ಸುಮಾರು ಸೆಕೆಂಡಿಗೊಮ್ಮೆ ಅದು ಕಣ್ಣು ಪಿಳುಕಿಸುವುದರೊಳಗೆ ಒಂದು ಏಟು ಕೊಟ್ಟು ಬಿಡುತ್ತದೆ. ಏಟಿನ ನಡುವೆ ಬಿಡುವು ಇರುವುದರಿಂದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಇದನ್ನು ಬಿಟ್ಟು ಕಂಬದ ಕರೆಂಟನ್ನೇ ತಂತಿಗೆ ಕೊಟ್ಟರೆ ಅದು ಝಟಕಾ ಅಲ್ಲ, ಕೊಲೆ. ಮುಟ್ಟಿದವರನ್ನು ಅದು ಬಿಡುವುದಿಲ್ಲ. ರಾತ್ರಿ ನೀರು ಹಾಯಿಸಲು ಹೋದ ನೆರೆಹೊಲದವರು ಅಂಥ ತಂತಿಗೆ ಬಲಿಯಾದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಈ ಮಾತಿನ ಅತಿ ಭಾರವಾದ ಅರ್ಥ ನಮಗೆ ತಿಳಿದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣಪತಿ ಕಳಿಸಿ ಬಂದು ಮಂದಿ ಮಲಗಿದ್ದರು. ನಾಲ್ಕು ಗಂಟೆಗೆ ನಾಲ್ಕೇ ನಿಮಿಷ ಇರುವಾಗ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ನಮ್ಮ ಮನೆಯಲ್ಲಿ ನೆಲುವಿನ ಗಡಿಗೆಗಳು ತೂಗಾಡಿದವು. ಬೆಳಗಾದ ಮೇಲೆ ಅಂಗಳದಲ್ಲಿ ಸೇರಿದ ಮಂದಿ ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಮಾತಾಡಿದರು. ಝಟಕಾ ಅನ್ನುವುದು ಮಾತ್ರ ಎಲ್ಲರ ಬಾಯಲ್ಲೂ ಇತ್ತು.

ಹೊಡೆಯುವವರಿಲ್ಲದೆ ಗಾಡಿ ಮರೆಯಾಗುವುದು ಸಹಜ, ಅದಕ್ಕೆ ನಾನು ಅಳುವುದಿಲ್ಲ. ಗಾಡಿಯ ಜೊತೆಗೆ ಅರಿವೂ ಮರೆಯಾಗಬಾರದು ಅನ್ನುವುದು ನನ್ನ ಮಾತು. ಎತ್ತಿನ ಬಂಡಿಗೆ ನಮ್ಮಲ್ಲಿ ಒಂದು ಮರ್ಯಾದೆ ಸಿಕ್ಕಿದೆ. ಜಹೀರಾಬಾದಿನ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಪ್ರತಿ ಸಂಕ್ರಾಂತಿಗೆ ಬಂಡಿಗಳನ್ನು ಸಿಂಗರಿಸಿ, ಜೋಳ, ಸಜ್ಜೆ, ನವಣೆಯ ಹಳೆಯ ಬೀಜಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗುತ್ತಾರೆ. ಪಾತ ಪಂಟಲ ಜಾತರ, ಅಂದರೆ ಹಳೆ ಬೆಳೆಗಳ ಜಾತ್ರೆ. ಆ ಸಂಸ್ಥೆ ಕಟ್ಟಿದ ಪಿ.ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರು, 2023ರ ಮಾರ್ಚ್ 19ರಂದು ತೀರಿಕೊಂಡರು. ಓದುಬರಹ ಬಾರದ ದಲಿತ ರೈತ ಮಹಿಳೆಯರ ಬೀಜದ ಅರಿವನ್ನು ಅರಿವೆಂದೇ ಎಣಿಸಿ ಅವರ ಕೈಗೆ ಕ್ಯಾಮೆರಾ, ರೇಡಿಯೋ ಕೊಟ್ಟವರು ಅವರು. ಮಾಚನೂರಿನ ಸಂಘಂ ರೇಡಿಯೋ 2008ರಿಂದ ಆ ಹೆಣ್ಣುಮಕ್ಕಳ ದನಿಯನ್ನು ಬಿತ್ತರಿಸುತ್ತಿದೆ.

ಜಟಕಾದವರಿಗೂ ಅಂಥ ಒಂದು ಗಮನ ಸಲ್ಲಬೇಕು. ಕುದುರೆ ಹೊಡೆದ ಕೈಗಳು ಈ ಮೂರು ಊರುಗಳಲ್ಲಿ ಇನ್ನೂ ಕೆಲವು ಉಳಿದಿವೆ. ಅವರ ಮಕ್ಕಳು ಆಟೋ ಓಡಿಸುತ್ತಾರೆ, ಗ್ಯಾರೇಜು ನಡೆಸುತ್ತಾರೆ. ಮುಂಭಾರ, ಹಿಂಭಾರ, ಮೂಕಿ, ನಾಲು, ಅಡ್ಡಾ, ಸವಾರಿ ಎಂಬ ಮಾತುಗಳನ್ನು ಅವರ ಬಾಯಿಂದಲೇ ಕೇಳಿ, ಯಾವ ಭಾಷೆಯದೆಂದು ಜಗಳಾಡದೆ, ಬರೆದಿಡುವ ಕೆಲಸ ಗಡಿಯ ಶಾಲೆಯ ಮಕ್ಕಳಿಂದಲೇ ಆಗಬಹುದು. ಝಟಕಾ ಎಂದು ಬರೆದ ಹುಡುಗನ ಪಟ್ಟಿಯಲ್ಲಿ ಅದನ್ನು ಕೆಂಪು ಶಾಯಿಯಿಂದ ಹೊಡೆದು ಎಳೆತ ಎಂದು ತಿದ್ದುವ ಮೇಷ್ಟ್ರಾಗಲು ನನಗೆ ಎಂದೂ ಮನಸ್ಸು ಬರಲಿಲ್ಲ. ಏಳು ಶತಮಾನದಿಂದ ನಾಲ್ಕು ನುಡಿಗಳನ್ನು ಒಟ್ಟಿಗೆ ಆಡಿಕೊಂಡು ಬಂದ ನಾಡಿನ ಕನ್ನಡ ಅದು. 1956ರ ಗೆರೆಯ ಈಚೆ ಉಳಿದ ನಾವು ಕನ್ನಡಕ್ಕೆ ಕೊಡಬಹುದಾದದ್ದು ಆ ಕನ್ನಡವನ್ನೇ. ಹೇಳುವವರು ಇರುವಾಗಲೇ ನಾವು ನೋಟ್‌ಬುಕ್ಕು ಹಿಡಿದು ಅವರ ಮನೆಯ ಕಟ್ಟೆಗೆ ಹೋಗಬೇಕು. ಟೇಶನ್ನಿನಿಂದ ಅಗಸಿಯ ತನಕದ ಚರಿತ್ರೆ ಬರೆಯಲು ಬೇರೆ ದಫ್ತರವಿಲ್ಲ.